ಹುಣಸೆಹಣ್ಣಿಗೆ ಹೊಳೆದ ವಿಮಾನ

"ಇದನ್ನ ಯಾರು ತೊಳೆದಿದ್ದು?"

ಚಿನ್ಮಯ್ ಪೆಟ್ಟಿಗೆಯಿಂದ ಒಂದು ನಾಣ್ಯವನ್ನು ಎತ್ತಿ ಹಿಡಿದಿದ್ದ.

"ನಾನೇ! ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿದೆ" ಎಂದಳು ಪ್ರಿಯಂವದಾ, ಹೆಮ್ಮೆಯಿಂದ.

ಅಯ್ಯೋ ಹುಚ್ಚು ಹುಡುಗಿ! ಅವನ ಮುಖವನ್ನಾದರೂ ನೋಡಬಾರದಿತ್ತೇ?

ಮುಂಬೈಯ ವಡಾಲದ ಕನ್ನಡ ಸಂಘದಲ್ಲಿ ಅಂದು ಯುದ್ಧವಿಮಾನಗಳ ಸ್ಮರಣೆಯ ನಾಣ್ಯಗಳ ಪ್ರದರ್ಶನ. ನಾಣ್ಯಗಳೆಲ್ಲ ಚಿನ್ಮಯ್‌ನವು. ಮೇಜಿನ ಮೇಲೆ ಜೋಡಿಸಿಡಲೆಂದು ಪೆಟ್ಟಿಗೆಯನ್ನು ಹಿಂದಿನ ದಿನವೇ ಅವಳಿಗೆ ಒಪ್ಪಿಸಿದ್ದ. ಅದರಲ್ಲೊಂದು ಬೆಳ್ಳಿ ನಾಣ್ಯ ಕಪ್ಪಿಟ್ಟಿತ್ತು. ಹಬ್ಬ ಬಂತೆಂದರೆ ಬೆಳ್ಳಿ ದೀಪ ಉಜ್ಜಲು ಕೂರುವ ಮನೆಯ ಹುಡುಗಿ, ಸುಮ್ಮನಿರಲಾದೀತೇ? ಅದೂ ಒಂದು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡವನ ನಾಣ್ಯ!

"ಹಳೇ ನಾಣ್ಯನ ಯಾರೂ ಉಜ್ಜಲ್ಲ, ಪ್ರಿಯಂವದಾ... ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮಜ್ಜ ನ್ಯಾಟ್ ಫೈಟರ್ ವಿಮಾನಗಳ ಮೆಕ್ಯಾನಿಕ್. ಆ ನೆನಪಿಗೆ ವಿಮಾನದ ಚಿತ್ರ ಹಾಕಿ ವಾಯುಪಡೆಯವರು ಕೊಟ್ಟಿದ್ದು ಇದು. ಸಾಯೋವರೆಗೂ ಜೇಬಲ್ಲೇ ಇಟ್ಕೊಂಡಿದ್ರು. ಆ ಕಪ್ಪು ಅವರ ಕೈಯದ್ದು. ಈಗ ಅಜ್ಜಿ ಬರ್ತಾರೆ... ಏನಂತ ತೋರಿಸ್ಲಿ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಸಂಘದ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡಳು. ಕೈಯಲ್ಲಿನ್ನೂ ಹುಣಸೆಯ ವಾಸನೆ!

'ಇನ್ನು ಇವರ ಮುಖ ಹೇಗೆ ನೋಡಲಿ?'

ಹೊರಗೆ ಅಜ್ಜಿ ಸುಮಿತ್ರಮ್ಮನ ಧ್ವನಿ ಕೇಳಿಸಿತು. "ಎಲ್ಲೋ ಚಿನ್ನು, ಅಜ್ಜನ ನಾಣ್ಯ?"

ಚಿನ್ಮಯ್ ತಡವರಿಸುತ್ತಿದ್ದ. ಅವಳ ಹೆಸರು ಹೇಳಲಿಲ್ಲ. ಅದೇ ಅವಳನ್ನು ಇನ್ನಷ್ಟು ಚುಚ್ಚಿತು. ಬಾಗಿಲು ತೆರೆದು ಬಂದಳು.

"ಅಜ್ಜೀ, ಹಾಳು ಮಾಡಿದ್ದು ನಾನು. ಅವರ ತಪ್ಪೇನಿಲ್ಲ..."

ಅಜ್ಜಿ ಹೊಳೆಯುವ ನಾಣ್ಯವನ್ನು ತಿರುಗಿಸಿ ನೋಡಿದರು. ಕಣ್ಣು ತುಂಬಿತು. ಆಮೇಲೆ ನಕ್ಕುಬಿಟ್ಟರು!

"ಯುದ್ಧ ಮುಗಿದ ಐದಾರು ವರ್ಷಕ್ಕೆ ಮದುವೆಯಾಗಿ ಬಂದಾಗ ನಾನೂ ಹಬ್ಬಕ್ಕೆ ಅಂತ ಹೀಗೇ ಉಜ್ಜಿಟ್ಟಿದ್ದೆ ಕಣೇ! ಯಜಮಾನ್ರು ವಾರಗಟ್ಟಲೆ ಮಾತು ಬಿಟ್ಟಿದ್ರು. ಆಮೇಲೆ ಜೇಬಲ್ಲಿ ಹಾಕ್ಕೊಂಡು ಓಡಾಡಿ ಓಡಾಡಿ ಮತ್ತೆ ಕಪ್ಪು ಮಾಡಿದ್ರು. ಈ ಹೊಳಪು ಅವತ್ತು ನೋಡಿದ್ದು... ಮತ್ತೆ ಇವತ್ತೇ."

ಸಂಜೆ ಕುರ್ಚಿ ಮಡಚುವಾಗಲೂ ಪ್ರಿಯಂವದಾ ತಲೆ ಎತ್ತಲಿಲ್ಲ. ಚಿನ್ಮಯ್ ಬಂದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟ.

"ಇದು ಮತ್ತೆ ಕಪ್ಪಾಗ್ಬೇಕು. ನೀವು ಇಟ್ಕೊಳ್ಳಿ."

"ಬೇಡ... ನಂಗೆ ನಾಚಿಕೆಯಾಗುತ್ತೆ."

"ಅರೇ, ನಾನು ಸಾಂತಾಕ್ರೂಜ್‌ನಿಂದ ಪ್ರತಿ ಸಂಡೇ ಲೋಕಲ್ ರೈಲು ಹಿಡಿದು ಬರೋದು ಸಂಘದ ಚಹಾಕ್ಕೆ ಅಂದ್ಕೊಂಡ್ರಾ? ನಿಮ್ಮನ್ನ ನೋಡೋಕೆ!"

ಅವಳ ಕಣ್ಣೀರು ನಾಣ್ಯದ ಮೇಲೆಯೇ ಬಿತ್ತು.

"ಕಪ್ಪಾಗೋಕೆ... ಎಷ್ಟು ದಿನ ಬೇಕು?"

"ಅಜ್ಜನಿಗೆ ಒಂದು ಜನ್ಮ ಹಿಡೀತು."

ಅವಳು ಮೆಲ್ಲಗೆ ಮುಷ್ಟಿ ಮುಚ್ಚಿದಳು.

"ಯಾವ ಹಬ್ಬ ಬಂದ್ರೂ ಉಜ್ಜಲ್ಲ... ನಿಮ್ಮಾಣೆ!"