ಗೋಡೆಯಾಚೆಯ ನಗು

"ಮುಟ್ಟಬೇಡಿ ಆ ಗೋಡೆನ!"

ಬಾಗಿಲಲ್ಲಿ ನಿಂತ ಗಂಡಸಿನ ಗುಡುಗಿಗೆ ಟೈಲರಮ್ಮನ ಕೈಯಲ್ಲಿದ್ದ ಪೊರಕೆ ಜಾರಿತು. ನೀರಿಳಿದು ಉಬ್ಬಿದ ಗಾರೆಯನ್ನು ಕೆರೆದು ಗುಡಿಸಲು ಹೊರಟಿದ್ದಳು ಅವಳು.

"ನನ್ನ ಮನೆ ಗೋಡೆ. ನಾನು ಮುಟ್ಟಬಾರ್ದಾ?"

"ಇನ್ಶೂರೆನ್ಸ್‌ನೋರು ಬಂದು ನೋಡೋ ತನಕ ಅದು ಗೋಡೆ ಅಲ್ಲ, ಸಾಕ್ಷಿ!"

ಸೊಕ್ಕು ನೋಡು ಇವನದ್ದು... ಅಂದುಕೊಂಡಳು. ಆದರೆ ಆ ಕಣ್ಣುಗಳಿಂದ ನೋಟ ಕೀಳಲಾಗಲಿಲ್ಲ.

ಅವನು ಮೇಸ್ತ್ರಿ. ಗೋಡೆಗೆ ನೀರಿಳಿದ ಸುದ್ದಿ ಕೇಳಿ ಬಂದಿದ್ದ. ಅವನಿಗಿಂತ ಮುಂಚೆ ಬಿಳಿ ಶರಟಿನ ಕಾಂಟ್ರಾಕ್ಟರ್ ಒಬ್ಬ ಬಂದು ಬೆಣ್ಣೆ ಹಚ್ಚಿ ಹೋಗಿದ್ದ. "ಸಹಿ ಒಂದು ಹಾಕಿಬಿಡಿ ಅಕ್ಕಾ, ಕಂಪನಿ ಹತ್ರ ನಾನೇ ಮಾತಾಡ್ತೀನಿ. ನಿಮಗ್ಯಾಕೆ ತಲೆನೋವು?"

ಮೇಸ್ತ್ರಿ ಹಾಗೆನ್ನಲಿಲ್ಲ. "ನಾನು ಕೆಲ್ಸ ಮಾಡಿದ ಮನೆಗಳಿಗೆ ಹೋಗಿ ವಿಚಾರಿಸಿ. ಆಮೇಲೆ ಕರೀರಿ" ಅಂದ.

ಅವಳು ಹೋದಳು. ಒಂದು ಮನೆಯ ಅಜ್ಜಿ, "ಬಾಯಿ ಖಾರ, ಕೈ ಗಟ್ಟಿ" ಎಂದು ನಕ್ಕಳು.

ಹೊಲಿಗೆ ಮಷಿನ್ ಇದ್ದದ್ದು ಅದೇ ಕೋಣೆಯಲ್ಲಿ. ಆ ಕೋಣೆಯೇ ಅವಳ ಅನ್ನ. ಕ್ಲೈಮ್ ಬಿದ್ದುಹೋದರೆ ಮತ್ತೆ ಗೋಡೆ ಎಬ್ಬಿಸುವ ಶಕ್ತಿ ಅವಳಿಗಿರಲಿಲ್ಲ.

ಅಂತೂ ಮೇಸ್ತ್ರಿಯನ್ನೇ ಕರೆದಳು. ಅವನು ಬಟ್ಟೆಗೆ ಗುರುತು ಹಾಕುವ ಅವಳ ನೀಲಿ ಚಾಕ್ ಇಸಿದುಕೊಂಡು, ದಿನಾ ಬೆಳಿಗ್ಗೆ ತೇವ ಎಲ್ಲಿವರೆಗೆ ಹಬ್ಬಿದೆಯೋ ಅಲ್ಲಿಗೆ ಗೆರೆ ಎಳೆಯತೊಡಗಿದ. ಆಮೇಲೆ ಗೋಡೆಗೆ ಕಿವಿಯಿಟ್ಟು ಸುಮ್ಮನೆ ನಿಲ್ಲುತ್ತಿದ್ದ.

ಅವನು ಬರುವ ಹೊತ್ತಿಗೆ ಅವಳ ತಲೆ ಬಾಚಿರುತ್ತಿತ್ತು. ಹೊಸ ಸೀರೆ ಬೇರೆ!

"ಗೋಡೆ ನೋಡೋಕೆ ಬರೋನಿಗೆ ಇಷ್ಟೊಂದು ಸಿಂಗಾರನಾ?" ಎಂದು ಅದೇ ಮನೆಯಲ್ಲಿದ್ದ ಚಿಕ್ಕಮ್ಮ ಕಿಚಾಯಿಸಿದರೆ, "ಸುಮ್ನಿರು ಚಿಕ್ಕಮ್ಮ!" ಎನ್ನುವಳು. ಕೆನ್ನೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಗೋಡೆಯಾಚೆಯಿಂದ ನಗು ಕೇಳಿಸಿತು. ಪಕ್ಕದ ಮನೆಯ ಬ್ಯೂಟಿ ಪಾರ್ಲರಿನವಳ ನಗು! ನಡುನಡುವೆ ಮೇಸ್ತ್ರಿಯ ದನಿ.

ಮಷಿನ್ ನಿಂತಿತು.

ಮರುದಿನವೂ ಅದೇ ನಗು. ಅದರ ಮರುದಿನವೂ!

'ನನ್ನ ಹತ್ರ ಅಳೆದು ತೂಗಿ ಮಾತು. ಅಲ್ಲಿ ನಗೆಹಬ್ಬ! ಅವಳ ಮುಖದಲ್ಲಿ ಪೌಡರ್ ಇದೆ, ನನ್ನ ಮುಖದಲ್ಲಿ ದಾರದ ಧೂಳು...'

ಕಸ ಹಾಕುವ ನೆಪ ಮಾಡಿ ಹೊರಗೆ ಬಂದು ನೋಡಿದಳು. ಪಾರ್ಲರಿನವಳು ಗೇಟಿಗೆ ಒರಗಿ, ಮೇಸ್ತ್ರಿಯ ಎದುರು ಕೈ ಆಡಿಸುತ್ತಾ ಮಾತಾಡುತ್ತಿದ್ದಳು. ಆ ಬೆರಳುಗಳ ನಡುವೆ... ನೀಲಿ ಚಾಕ್!

'ನನ್ನ ಚಾಕ್! ಅವಳ ಕೈಗೆ ಕೊಟ್ಟನಲ್ಲ!'

ಚಿನ್ನದ ಸರ ಕೊಟ್ಟಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಹೊಟ್ಟೆಯೊಳಗೆ ಹೊಗೆ ಏಳ್ತಿದೆ ಕಣೇ, ಕಿಟಕಿ ತೆಗಿಲಾ?" ಅಂದಳು ಚಿಕ್ಕಮ್ಮ.

ಹೊಟ್ಟೆಕಿಚ್ಚಿಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ. ಅದಕ್ಕಿರುವುದು ಕೈ ಮಾತ್ರ. ಆ ಕೈ ಫೋನ್ ಎತ್ತಿ ಬಿಳಿ ಶರಟಿನವನನ್ನು ಕರೆಯಿತು.

ಅವನು ಸಿಮೆಂಟು ಕಲಸಿಕೊಂಡೇ ಬಂದ. "ಸಹಿ ಇಲ್ಲಿ ಅಕ್ಕಾ. ಸಂಜೆಯೊಳಗೆ ಗೋಡೆ ಕನ್ನಡಿ!"

ಅವಳು ಪೆನ್ನು ಹಿಡಿದಳು. ಅಷ್ಟರಲ್ಲಿ ತಲೆತುಂಬ ಧೂಳು ಹೊತ್ತು ಮೇಸ್ತ್ರಿ ಒಳನುಗ್ಗಿದ.

"ಏಯ್, ಆ ಕರಣೆ ಕೆಳಗಿಡು! ನಾಳೆ ಕಂಪನಿಯೋರು ಬರ್ತಾರೆ. ಗೋಡೆ ಮೆತ್ತಿಬಿಟ್ರೆ ಅವರು ನೋಡೋದಾದ್ರೂ ಏನನ್ನ?"

"ನಿಮಗ್ಯಾಕೆ ಆ ಚಿಂತೆ?" ಅವಳು ಪೆನ್ನು ಕೆಳಗಿಡಲಿಲ್ಲ. "ಅಲ್ಲೇ ಹೋಗಿ ನಕ್ಕೊಂಡಿರಿ... ನನ್ನ ಚಾಕ್ ಬೇರೆ ಅವಳ ಕೈಗೆ!"



ಮೇಸ್ತ್ರಿಯ ಹಿಂದೆಯೇ ಬಂದಿದ್ದ ಪಾರ್ಲರಿನವಳು ಹಣೆ ಚಚ್ಚಿಕೊಂಡು ಟೈಲರಮ್ಮನ ಕೈ ಹಿಡಿದೆಳೆದಳು. "ಬಾ ಇಲ್ಲಿ, ನೋಡು!"

ಪಾರ್ಲರಿನವಳ ಬಚ್ಚಲು. ಹೊಸ ಟೈಲ್ಸ್ ಒಡೆದಿತ್ತು. ಒಳಗೆ ಸೀಳಿದ ಪೈಪು, ಅದರ ಸುತ್ತ ನೀಲಿ ಗೆರೆ.

"ನೀರು ಬರ್ತಿರೋದು ಇಲ್ಲಿಂದ" ಎಂದ ಮೇಸ್ತ್ರಿ. "ಇದು ಕಣ್ಣಿಗೆ ಬೀಳದಿದ್ರೆ ಹಳೇ ಗೋಡೆ, ಹಳೇ ತೇವ ಅಂತ ಕ್ಲೈಮ್ ತಳ್ಳಿಹಾಕ್ತಾರೆ."

"ನಾನು ಟೈಲ್ಸ್ ಒಡೆಯೋಕೆ ಬಿಡಲ್ಲ ಅಂದೆ ಕಣೇ" ಅಂದಳು ಪಾರ್ಲರಿನವಳು. "ದಿನಾ ಬಂದು ಗೋಗರೆದ. ಮೊದಲು ಚಾಕಲ್ಲಿ ತೋರ್ಸಪ್ಪಾ, ಎಷ್ಟು ಒಡೀತೀಯ ಅಂತ ನಾನೇ ಅದನ್ನ ಕಿತ್ಕೊಂಡೆ. ನೀರಿನ ಸದ್ದು ಕೇಳ್ತೀನಿ ಅಂತ ಗೋಡೆಗೆ ಕಿವಿ ಇಡ್ತಾನೆ. ನಿನ್ನ ಮಷಿನ್ ನಿಂತ್ರೆ ಮುಖ ಸಪ್ಪೆ! 'ಅವರಿಗೆ ಹುಷಾರಿಲ್ವಾ, ಹೋಗಿ ನೋಡಿ ಅಕ್ಕಾ' ಅಂತಾನೆ. ನಗದೆ ಏನ್ ಮಾಡ್ಲಿ?"

ಟೈಲರಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಪೊರಕೆ ಹಿಡ್ಕೊಂಡು ಇವರ ಮನೆ ಮುಂದೆ ನಿಲ್ತಿದ್ರಿ. ಮೊದಲ ದಿನಾನೇ ನೋಡಿದ್ನಲ್ಲ!"

ಅವರು ವಾಪಸ್ ಬರುವಷ್ಟರಲ್ಲಿ ಬಿಳಿ ಶರಟು ಸಿಮೆಂಟಿನ ಬಾಂಡ್ಲಿ ಎತ್ತಿಕೊಂಡು ಜಾಗ ಖಾಲಿ ಮಾಡಿತ್ತು.

ಕಂಪನಿಯವರು ಬಂದರು, ಪೈಪು ನೋಡಿದರು, ಒಪ್ಪಿದರು. ಗೋಡೆ ಎದ್ದಿತು, ಬಣ್ಣವೂ ಆಯಿತು. ಕೊನೆಯ ದಿನ ಮೇಸ್ತ್ರಿ ಸಾಮಾನು ಕಟ್ಟಿಟ್ಟು ಬಾಗಿಲಲ್ಲಿ ನಿಂತ.

"ಗೋಡೆ ಮುಗೀತು ಟೈಲರಮ್ಮ... ನಾಳೆ ಬರೋಕೆ ನೆಪ ಇಲ್ಲ."

"ನೆಪ ಹೇಳ್ಕೊಂಡು ಬರೋರು ನೆಂಟರು" ಎಂದಳು ಅವಳು, ಕತ್ತೆತ್ತದೆ. "ಮನೆಯೋರಿಗೆ ಅದ್ಯಾಕೆ?"

ಅವನ ಕಣ್ಣು ತುಂಬಿತು. ಗಡಿಬಿಡಿಯಲ್ಲಿ ಜೇಬಿಗೆ ಕೈಹಾಕಿ ಸವೆದುಹೋದ ನೀಲಿ ಚೂರೊಂದನ್ನು ಚಾಚಿದ.

ಅವಳು ಅವನ ಬೆರಳುಗಳನ್ನು ಅದರ ಸುತ್ತ ಮಡಚಿದಳು.

"ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಇನ್ನೊಬ್ಬಳ ಕೈಗೆ ಕೊಟ್ರೆ ನನ್ನ ಹತ್ರ ಕತ್ತರಿ ಇದೆ, ನೆನಪಿರ್ಲಿ!"

"ಕೊಡಲ್ಲ."

"ಮತ್ತೆ ಗೋಡೆಗೆ ಕಿವಿ?"

"ಇನ್ನು ಗೋಡೆ ಯಾಕೆ? ಮಷಿನ್ ಪಕ್ಕದಲ್ಲೇ ಕೂತು ಕೇಳ್ತೀನಿ."