ಕಾಂಗಸರ ಗ್ಯಾರೇಜಿನ ಗರಗಸ

"ಅಜ್ಜ, ಇದು ಅಲ್ಲಾಡೋದೇ ಇಲ್ಲ!"

ಹೆಲ್ಮಿ ಎರಡೂ ಕೈ ಕೊಟ್ಟು ದಬ್ಬಿದಳು. ನಡುವೆ ಗರಗಸದ ಅಲಗು ಕೂರಿಸಿದ್ದ ಆ ಕಬ್ಬಿಣದ ಮೇಜು ಕೂದಲೆಳೆಯಷ್ಟೂ ಕದಲಲಿಲ್ಲ.

"ಹೇಗೆ ಅಲ್ಲಾಡುತ್ತೆ? ನಿನ್ನಂಥ ಐದಾರು ಹೆಲ್ಮಿಯರ ತೂಕ ಇದೆ ಅದಕ್ಕೆ," ಎಂದು ವೈನೋ ಅಜ್ಜ ನಕ್ಕ. "ಬೆಳಿಗ್ಗೆ ಅಂಗಡೀಲಿ ನೋಡಿದ್ವಲ್ಲ, ಅದೂ ಒಂದು ಗರಗಸವಾ? ಕಾಲು ಮಡಚೋ ಆಟದ ಸಾಮಾನು! ಚಾಲೂ ಮಾಡಿದ್ರೆ ಹಂದಿಮರಿ ಹಾಗೆ ಕಿರುಚುತ್ತೆ."

"ಕೆಂಪು ಬಣ್ಣ ಮಾತ್ರ ಚೆನ್ನಾಗಿತ್ತು."

"ಬಣ್ಣ ಮರ ಕೊಯ್ಯಲ್ಲ, ಪುಟ್ಟಿ."

ಅಜ್ಜ ಮೂವತ್ತೆಂಟು ವರ್ಷ ಕಾಗದದ ಮಿಲ್ಲಿನಲ್ಲಿ ದುಡಿದವನು. ಮರಗೆಲಸ ಅಂದರೆ ಅವನಿಗೆ ಪ್ರಾಣ. ಆದರೆ ಸ್ವಂತಕ್ಕೆ ಒಂದು ಟೇಬಲ್ ಗರಗಸ ಇರಲಿಲ್ಲ. ಹಲಗೆಗಳನ್ನು ಟ್ರಕ್ಕಿಗೆ ಹೇರಿಕೊಂಡು ಇದೇ ಅರ್ವೋ ಕಾಂಗಸರ ಗ್ಯಾರೇಜಿಗೆ ಬಂದು ಕೊಯ್ದುಕೊಂಡು ಹೋಗುತ್ತಿದ್ದ. ಈ ಬೇಸಿಗೆಯಲ್ಲಿ ಅವನೂ ಹೆಲ್ಮಿಯೂ ಸೇರಿ ಮನೆಯ ಗ್ಯಾರೇಜು ಖಾಲಿ ಮಾಡಿದ್ದರು. ಗರಗಸ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದದ್ದು ಹೆಲ್ಮಿಯೇ. ಅದು ಬಂದ ಮೇಲೆ ಮೊದಲ ಕೆಲಸ ಅವಳದೇ. ಹಿಮ ಬೀಳುವ ಮುಂಚೆ ಒಂದು ಜಾರುಗಾಡಿ!

ಅರ್ವೋ ಕಾಂಗಸ್ ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಹೆಂಡತಿ ಮಿಸೆಸ್ ಕಾಂಗಸ್ ಗ್ಯಾರೇಜಿನ ಬಾಗಿಲಲ್ಲಿ ಸ್ವೆಟರ್ ಬಿಗಿಯಾಗಿ ಹೊದ್ದು ನಿಂತಿದ್ದರು. ಇಗರ್ಜಿಯಲ್ಲಿ ಅವರದು ಯಾವಾಗಲೂ ಅಜ್ಜನ ಹಿಂದಿನ ಬೆಂಚು.

"ನೋಡಿದ್ದಾಯ್ತಾ ವೈನೋ? ಒಳಗೆ ಕಾಫಿ ಆರಿಹೋಗ್ತಿದೆ."

"ಒಂದು ನಿಮಿಷ ಇರಮ್ಮ. ನಾಣ್ಯದ ಪರೀಕ್ಷೆ ಆಗದೆ ಕೊಂಡ್ರೆ ಅರ್ವೋ ಮೇಲಿಂದಾನೇ ಬಯ್ತಾನೆ."

ಅಜ್ಜ ಚಕ್ರ ತಿರುಗಿಸಿ ಅಲಗನ್ನು ಪೂರ್ತಿ ಮೇಜಿನ ಕೆಳಕ್ಕೆ ಇಳಿಸಿದ. ಜೇಬಿನಿಂದ ಐದು ಸೆಂಟಿನ ನಾಣ್ಯ ತೆಗೆದ.

"ನೋಡು ಹೆಲ್ಮಿ. ಯಂತ್ರ ಓಡ್ತಿರುವಾಗ ನಾಣ್ಯಾನ ಅಂಚಿನ ಮೇಲೆ ನಿಲ್ಲಿಸ್ಬೇಕು. ನಿಂತ್ರೆ ಯಂತ್ರ ಚಿನ್ನ. ಬಿದ್ರೆ ಒಳಗೆ ಏನೋ ಸಡಿಲ ಆಗಿದೆ ಅಂತ."

ಗುಂಡಿ ಒತ್ತಿದ. ಗರಗಸ ಕಿರುಚಲಿಲ್ಲ. ಜೇನುಗೂಡಿನ ಹಾಗೆ ಗುಂಯ್ ಎಂದಿತು.

ಅಜ್ಜ ಬಗ್ಗಿ ನಾಣ್ಯ ಇಟ್ಟ. ಬಿತ್ತು. ಮತ್ತೆ ಇಟ್ಟ. ಬೆರಳು ತೆಗೆಯುವ ಮೊದಲೇ ಟಣ್ ಎಂದು ಬಿತ್ತು. ಮೂರನೆಯ ಸಲ ಉರುಳಿಕೊಂಡು ನೆಲಕ್ಕೇ ಹೋಯಿತು.

"ಅಯ್ಯೋ, ಅರ್ವೋ ಇದನ್ನ ಕೆಡಿಸಿಟ್ಟಿದಾನಲ್ಲ!" ಎಂದ ಅಜ್ಜ. "ನಡುಗ್ತಿದೆ ಯಂತ್ರ."

ಮಿಸೆಸ್ ಕಾಂಗಸ್ ನಾಣ್ಯವನ್ನು ನೋಡುತ್ತಿರಲಿಲ್ಲ. "ಮಗು ಇಡಲಿ," ಎಂದರು.

ಹೆಲ್ಮಿ ಖುಷಿಯಿಂದ ನಾಣ್ಯ ಹೆಕ್ಕಿಕೊಂಡಳು. ಉಸಿರು ಹಿಡಿದು ಮೇಜಿನ ಮೇಲಿಟ್ಟು ಬೆರಳು ಬಿಟ್ಟಳು. ನಾಣ್ಯ ನಿಂತಿತು. ಗರಗಸ ಗುಂಯ್ ಎನ್ನುತ್ತಲೇ ಇತ್ತು, ನಾಣ್ಯ ನಿಂತೇ ಇತ್ತು.

"ನಿಂತಿತು ಅಜ್ಜ! ಕೆಟ್ಟಿಲ್ಲ! ಯಂತ್ರ ಚಿನ್ನ! ತಗೊಳ್ಳೋಣ!"

ಅವಳು ಕುಣಿಯುತ್ತಾ ತಿರುಗಿದಳು. ಅಜ್ಜ ನಗುತ್ತಿರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಅಮುಕಿ ಹಿಡಿದುಕೊಂಡಿದ್ದ.

ಮಿಸೆಸ್ ಕಾಂಗಸ್ ಬಂದು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರು.

"ಇದನ್ನ ನಿನಗೆ ಕೊಡಲ್ಲ, ವೈನೋ."

"ಯಾಕೆ? ಕೇಳಿದಷ್ಟು ಕೊಡ್ತೀನಿ ಅಂದೆನಲ್ಲ!"

"ಅರ್ವೋ ಕೈಯೂ ಹೀಗೇ ನಡುಗ್ತಿತ್ತು. ನಾನು ನೋಡಿದ್ದೆ. ಪಾಪ, ಇರೋ ಒಂದು ಸಂತೋಷ ಯಾಕೆ ಕಸಿಯೋದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇದೇ ಅಲಗಿಗೆ ಮೂರು ಬೆರಳು ಹೋದ್ವು. ಆಮೇಲೆ ಅವರು ಈ ಬಾಗಿಲು ತೆಗೀಲೇ ಇಲ್ಲ, ನನ್ನ ಹತ್ರ ಸರಿಯಾಗಿ ಮಾತೂ ಆಡ್ಲಿಲ್ಲ. ದಿನಾ ದೇವರ ಮುಂದೆ ಅದನ್ನೇ ಹೇಳ್ಕೊಂಡು ಅಳ್ತೀನಿ. ಇನ್ನೊಂದು ಸಲ ನನ್ನಿಂದಾಗಲ್ಲ."

"ನನ್ನ ಕೈ ನಡುಗಲ್ಲ!" ಅಜ್ಜನ ಮುಖ ಕೆಂಪಾಯಿತು. "ಇಲ್ಲಿ ಚಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಹೆಲ್ಮಿ, ನೀನೇ ಹೇಳು. ನಿತ್ಯ ಜೊತೆಗಿರೋಳು. ನನ್ನ ಕೈ ನಡುಗಿದ್ದು ನೋಡಿದೀಯಾ?"

ಹೆಲ್ಮಿ ಬಾಯಿ ತೆರೆದಳು. ಸೀಮೆಸುಣ್ಣದ ಚೌಕ ಕಣ್ಣ ಮುಂದೆ ಬಂತು, ಜಾರುಗಾಡಿ ಬಂತು. ಅದರ ಹಿಂದೆಯೇ ಅಜ್ಜನ ಉದ್ದನೆಯ ಬೆರಳುಗಳು ಬಂದವು.

"ಬೇಸಿಗೆಯಿಂದ, ಅಜ್ಜ," ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಅಜ್ಜನಿಗೆ ಕೇಳಿಸಿತು. ಟೋಪಿ ಹಾಕಿಕೊಂಡು ಹೊರಗೆ ನಡೆದ. ಕಾಫಿಗೂ ನಿಲ್ಲಲಿಲ್ಲ.

ಮಿಸೆಸ್ ಕಾಂಗಸ್ ಹೆಲ್ಮಿಯ ತಲೆ ಸವರಲು ಬಂದರು. ಅವಳು ತಪ್ಪಿಸಿಕೊಂಡು ಓಡಿ ಟ್ರಕ್ಕು ಹತ್ತಿದಳು.

"ಜಾರುಗಾಡಿ ಮರೆತುಬಿಡು," ಎಂದ ಅಜ್ಜ, ಎದುರಿನ ಗಾಜು ನೋಡುತ್ತಾ. "ಸುಮ್ಮನೆ ಇರೋಕೆ ಆಗ್ತಿರಲಿಲ್ವಾ ನಿನಗೆ? ಆ ಹೆಂಗಸಿನ ಮುಂದೆ!"

ಹೆಲ್ಮಿ ಅಳಲಿಲ್ಲ.

ಅಜ್ಜ ಸೀಟ್ ಬೆಲ್ಟ್ ಎಳೆದ. ಅದರ ನಾಲಿಗೆ ಗೂಡಿಗೆ ಹೋಗಲಿಲ್ಲ. ಪಕ್ಕಕ್ಕೆ ಬಡಿಯಿತು, ಮತ್ತೆ ಬಡಿಯಿತು. ಟಕ್, ಟಕ್. ಅಜ್ಜನ ಉಸಿರು ಜೋರಾಯಿತು.

ಸಿಕ್ಕಿಸಿಕೊಡೋಣವೆಂದು ಹೆಲ್ಮಿಯ ಕೈ ಮುಂದೆ ಹೋಯಿತು. ಅರ್ಧಕ್ಕೇ ನಿಂತಿತು.

ಅವಳು ಕೈಯನ್ನು ಮಡಿಲಿಗೆ ತಂದುಕೊಂಡು ಕಿಟಕಿಯತ್ತ ತಿರುಗಿದಳು. ಆಚೆ ಮನೆಯ ಅಂಗಳದಲ್ಲಿ ಯಾರೋ ಎಲೆ ಗುಡಿಸುತ್ತಿದ್ದರು. ಒಂದು ನಾಯಿ ಎಲೆಗುಡ್ಡೆಯೊಳಗೆ ಮೂಗು ತೂರಿಸಿತ್ತು. ಹೆಲ್ಮಿ ಆ ನಾಯಿಯನ್ನೇ ನೋಡುತ್ತಾ ಕೂತಳು. ಬೆಲ್ಟು ಕ್ಲಿಕ್ ಎನ್ನುವವರೆಗೂ ತಲೆ ತಿರುಗಿಸಲಿಲ್ಲ.