ಕೆಂಗುಡ್ಡದ ಪರಿವೀಕ್ಷಕ

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪರಿವೀಕ್ಷಕ ಯಂತ್ರ ತನ್ನ ಆರು ಕಾಲುಗಳ ಮೇಲೆ ಕೆಂಗುಡ್ಡದ ಅದಿರು ಗಣಿಯ ದಾರಿಗುಂಟ ಇಳಿದು ಬಂತು. ದಾರಿಯಂಚಿನ ಸುಣ್ಣ ಬಳಿದ ಕಲ್ಲುಗಳ ಮುಂದೆ ನಿಂತು ನಿಂತು ನೋಡಿತು. ಮರಳು ತುಂಬಿದ ಕೆಂಪು ಬಕೆಟ್‌ಗಳನ್ನು ಎಣಿಸಿತು. ಹನ್ನೊಂದನೆಯ ನಿಮಿಷಕ್ಕೆ ಅದರ ಹೊಟ್ಟೆಯಿಂದ ಪ್ರಮಾಣಪತ್ರ ಹೊರಬಂತು: ‘ತೃಪ್ತಿಕರ.’

ಮೇಟ್ ಹುಲುಗಪ್ಪ ಅದನ್ನು ಓದಿ, ತಲೆ ಎತ್ತಿ ಪೂರ್ವದ ಗೋಡೆಯನ್ನು ನೋಡಿದ. ಗಣಿಯಲ್ಲಿ ಮೇಟ್ ಎಂದರೆ ಒಂದು ತಂಡದ ಜೀವಕ್ಕೆ ಕಾವಲಿರುವವನು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಆ ಗೋಡೆಯ ನೆತ್ತಿಯಲ್ಲಿ ನಿನ್ನೆ ಬೆರಳು ತೂರುವಷ್ಟಿದ್ದ ಬಿರುಕಿನಲ್ಲಿ ಇವತ್ತು ಮುಷ್ಟಿ ತೂರುತ್ತಿತ್ತು. ಬುಡದಲ್ಲಿ ಅವನ ತಂಗಿ ದುರುಗಮ್ಮ ಅದಿರು ತುಂಬುವ ಯಂತ್ರ ಆಗಲೇ ಶುರುಮಾಡಿದ್ದಳು. ಅವಳ ಜೊತೆ ಇನ್ನೂ ಐದು ಜನ. ಒಮ್ಮೆ ಪ್ರಮಾಣಪತ್ರ ಬಂದಮೇಲೆ ಯಾವ ಮನುಷ್ಯನೂ ಕೆಲಸ ನಿಲ್ಲಿಸುವಂತಿರಲಿಲ್ಲ. ಮನುಷ್ಯರ ಪಕ್ಷಪಾತ ತಪ್ಪಿಸಲೆಂದೇ ಸರಕಾರ ಆ ಕಾಯ್ದೆ ಮಾಡಿತ್ತು.

ಯಂತ್ರವನ್ನು ರೂಪಿಸಿದ ಡಾ. ಮೃಣಾಲಿನಿ ಅಂದು ಅದರ ಕೆಲಸ ನೋಡಲು ಗಣಿಗೆ ಬಂದಿದ್ದರು. ಹುಲುಗಪ್ಪ ಅವರ ಬಳಿ ಹೋದ.

“ಮೇಡಮ್ಮಾರೆ, ಗ್ವಾಡಿ ಬಿರುಕು ಬಿಟ್ಟೈತ್ರಿ. ನಿಮ್ ಯಂತ್ರ ಆಕಡೆ ಮುಖಾನೇ ಮಾಡ್ಲಿಲ್ಲ.”

“ಅಗತ್ಯವಿದ್ದಿದ್ದರೆ ಮಾಡುತ್ತಿತ್ತು” ಎಂದರು ಮೃಣಾಲಿನಿ. “ಯಾವ ಗಣಿ ಸುರಕ್ಷಿತ ಅನ್ನೋದನ್ನ ನಾವು ಅದಕ್ಕೆ ಕಲಿಸಲಿಲ್ಲ, ತಾನೇ ಕಲಿತಿದೆ. ನಲವತ್ತು ವರ್ಷದ ತಪಾಸಣಾ ವರದಿಗಳನ್ನೆಲ್ಲ ಓದಿದೆ. ಅದರಲ್ಲಿರೋದು ಹಿಂದಿನ ಇನ್‌ಸ್ಪೆಕ್ಟರುಗಳೆಲ್ಲರ ಅನುಭವ.”

“ಆ ಸಾಹೇಬ್ರು ಯಾರೂ ಗ್ವಾಡಿ ತಾವ ಹೋದೋರಲ್ರಿ. ಗೆಸ್ಟ್ ಹೌಸಿನಾಗ ಕುಂತು ಬರೀತಿದ್ರು. ಎಳನೀರು ಕೆತ್ತಿ ಕೊಟ್ಟೋನು ನಾನ. ಅವರು ಬರ್ತಾರಂದ್ರ ಹಿಂದಿನ ದಿನ ಕಲ್ಲಿಗೆ ಸುಣ್ಣ ಹಚ್ಚತಿದ್ವಿ. ಕಾರಿನಾಗಿಂದ ಅವರಿಗೆ ಕಾಣ್ತಿದ್ದುದು ಅದೊಂದ.”

 ಮೃಣಾಲಿನಿ ಬಿಳಿಯ ಕಲ್ಲುಗಳ ಸಾಲಿನತ್ತ ತಿರುಗಿದರು. ಅವರ ಹತ್ತು ವರ್ಷದ ದುಡಿಮೆಯ ಯಂತ್ರ ಕಲಿತದ್ದೂ ಆ ಸುಣ್ಣವೊಂದನ್ನೇ. ಹುಲುಗಪ್ಪನಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. ಅವನು ಬಗ್ಗಿ ಮೊದಲನೆಯ ಕಲ್ಲನ್ನು ಮಗುಚಿ ಹಾಕಿದ. ಸುಣ್ಣ ಕೆಳಗಾಯಿತು, ಕೆಮ್ಮಣ್ಣು ಮೇಲಾಯಿತು. ಎರಡನೆಯದನ್ನೂ ಮಗುಚಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೃಣಾಲಿನಿ ಸೆರಗು ಸಿಕ್ಕಿಸಿಕೊಂಡು ಎದುರು ಸಾಲಿನ ಕಲ್ಲುಗಳಿಗೆ ಕೈಹಾಕಿದ್ದರು.

ಕೊನೆಯ ಕಲ್ಲು ಮಗುಚಿದ ಮೇಲೆ ಅವರೇ ಮರುತಪಾಸಣೆಯ ಗುಂಡಿ ಒತ್ತಿದರು. ಯಂತ್ರ ಬಂತು, ಕಂಡಿತು, ನಡುಗಿತು. ‘ಘೋರ ಅಪಾಯ. ಗಣಿ ತಕ್ಷಣ ತೆರವು ಮಾಡಿ’ ಎಂದು ಸೈರನ್ ಮೊಳಗಿಸಿತು.

ಮ್ಯಾನೇಜರ್ ವಿರೂಪಾಕ್ಷಗೌಡರು ಆಫೀಸಿನಿಂದ ಓಡಿ ಬಂದರು. “ಲೇ ಹುಲುಗ್ಯಾ, ಯಾರಲೇ ಕಲ್ಲು ಮಗುಚಿದೋರು? ಸುಣ್ಣ ತರ್ಸು! ಬ್ರಷ್ ತರ್ಸು!”

“ತರ್ಸೋಣ್ರಿ. ಮೊದ್ಲು ಮಂದಿ ಮ್ಯಾಲ ಬರ್ಲಿ.”

ದುರುಗಮ್ಮ ಎಲ್ಲರಿಗಿಂತ ಕೊನೆಗೆ, ಗೊಣಗುತ್ತ ಮೇಲೆ ಬಂದಳು. “ನಿನ್ ಸುಣ್ಣದ ಸಲುವಾಗಿ ನಂದು ಅರ್ಧ ಲೋಡು ಹೋತಲ್ಲೋ ಅಣ್ಣಾ.”

ಮಧ್ಯಾಹ್ನ, ಮ್ಯಾನೇಜರ್ ಖುದ್ದು ನಿಂತು ಹದಿನೇಳನೆಯ ಕಲ್ಲಿಗೆ ಸುಣ್ಣ ಹೊಡೆಸುತ್ತಿದ್ದಾಗ, ಪೂರ್ವದ ಗೋಡೆ ಕುಸಿಯಿತು. ಕೆಂಪು ಧೂಳು ಇಳಿದು ನೋಡಿದರೆ ದುರುಗಮ್ಮನ ಯಂತ್ರವಿದ್ದ ಜಾಗದಲ್ಲಿ ಒಂದು ದಿಬ್ಬವಿತ್ತು. ಅವಳು ಅಣ್ಣನ ತೋಳು ಹಿಡಿದುಕೊಂಡಳು. ಅರ್ಧ ಲೋಡಿನ ಮಾತು ಮತ್ತೆ ಎತ್ತಲಿಲ್ಲ.

ಗಣಿ ಇಲಾಖೆ ಯಂತ್ರದ ದೂರದೃಷ್ಟಿಯನ್ನು ಕೊಂಡಾಡಿತು. ಅದಕ್ಕೆ ಹಾರವನ್ನೂ ಹಾಕಿಸಿತು. ಘಟನೆಯ ವರದಿ ಬರೆಯುವ ಕೆಲಸ ಮೃಣಾಲಿನಿಯವರ ಪಾಲಿಗೆ ಬಂತು. ಅವರು ಬರೆದದ್ದನ್ನು ರಾಜ್ಯದ ಇಂಥ ಯಂತ್ರಗಳೆಲ್ಲ ಓದಿ ಕಲಿಯುತ್ತವೆ.

“ಏನಂತ ಬರೆಯಲಿ, ಹುಲುಗಪ್ಪ?”

“ಇದ್ದದ್ದು ಬರೀರಿ.”

ಅವರು ಒಂದೇ ಸಾಲು ಬರೆದರು: ‘ಗೋಡೆ ಬೀಳುವುದು ಮೇಟ್‌ಗೆ ಮೊದಲೇ ಗೊತ್ತಿತ್ತು, ಅವನನ್ನು ಯಾರೂ ಕೇಳಲಿಲ್ಲ.’

ಮರು ಸೋಮವಾರ ರಾಜ್ಯದ ಮುನ್ನೂರ ಹದಿನಾಲ್ಕು ಗಣಿಗಳಲ್ಲಿ ಪರಿವೀಕ್ಷಕ ಯಂತ್ರಗಳು ಕಲ್ಲುಗಳನ್ನು ದಾಟಿ ನೇರ ಮೇಟ್‌ಗಳ ಎದುರು ಹೋಗಿ ನಿಂತವು. “ಗೋಡೆ ಹೇಗಿದೆ?” ಎಂದು ಕೇಳಿದವು. ಮೇಟ್‌ಗಳು ಯಂತ್ರದ ಬೆನ್ನ ಹಿಂದೆ ಕೈಕಟ್ಟಿ ನಿಂತ ಮ್ಯಾನೇಜರುಗಳನ್ನು ನೋಡಿ ಸುಮ್ಮನಾದರು. ಯಂತ್ರಗಳು ಕಾದವು. ಉತ್ತರ ಬಾರದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಒಂದು ಬುಟ್ಟಿ ಅದಿರೂ ಏಳುವಂತಿಲ್ಲ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಮುನ್ನೂರ ಹದಿನಾಲ್ಕು ಗಣಿಗಳು ಅಷ್ಟು ನಿಶ್ಶಬ್ದವಾಗಿದ್ದುದನ್ನು ಯಾರೂ ಕಂಡಿರಲಿಲ್ಲ. ಕೆಂಗುಡ್ಡದಲ್ಲಂತೂ ಬಂಡೆಯ ಸಂದಿನಿಂದ ಮಣ್ಣು ಉದುರುವುದು ಕೇಳಿಸುತ್ತಿತ್ತು.

ಹನ್ನೊಂದೂವರೆಗೆ ವಿರೂಪಾಕ್ಷಗೌಡರು ಕುರ್ಚಿ ತರಿಸಿದರು, ಚಹಾ ತರಿಸಿದರು.

“ಹುಲುಗಪ್ಪನೋರೆ, ಅದೇನು ಹೇಳ್ತೀರೋ ಹೇಳಿಬಿಡ್ರಿ.”

“ಇಲ್ಲಿ ಕುಂತು ಹೆಂಗ್ ಹೇಳ್ಲಿ ಸಾಹೇಬ್ರ? ಹೋಗಿ ನೋಡ್ಬೇಕು.”

ಹುಲುಗಪ್ಪ ನಡೆದ. ಯಂತ್ರ ಅವನ ಹಿಂದೆ ನಡೆಯಿತು. ಯಂತ್ರದ ಹಿಂದೆ, ಬೇರೆ ದಾರಿ ಕಾಣದೆ, ಮ್ಯಾನೇಜರೂ ನಡೆದರು. ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ ಅವರು ಗೋಡೆಯ ಬಳಿಗೆ ಬಂದದ್ದು ಅದೇ ಮೊದಲು. ಮೇಟ್ ಬೊಟ್ಟು ಮಾಡಿದ ಕಡೆ ಅವರು ಕತ್ತೆತ್ತಿದಾಗ ಹೆಲ್ಮೆಟ್ ಹಿಂದಕ್ಕೆ ಜಾರಿ ಕೆಳಗುರುಳಿತು. ಅದರ ಪಟ್ಟಿಯನ್ನು ಅವರು ಒಂದು ದಿನವೂ ಬಿಗಿದುಕೊಂಡವರಲ್ಲ.

ಯಂತ್ರ ತಿರುಗಿ ಬಿದ್ದ ಹೆಲ್ಮೆಟ್ಟನ್ನೂ ಬಿಗಿಯದ ಪಟ್ಟಿಯನ್ನೂ ನೋಡಿ, ಬರೆದುಕೊಂಡಿತು.